ತುದಿ ಮುಟ್ಟಿದೆಯಾ ಎಂದು ಕೇಳಬೇಡಿ

ನಿಮ್ಮ ಮಗನೋ ಮಗಳೋ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದು, "ಆಫೀಸಿನವರೆಲ್ಲ ಸೇರಿ ಹಿಮಾಲಯಕ್ಕೆ ಚಾರಣ ಹೋಗ್ತಿದ್ದಾರೆ, ನಾನೂ ಹೋಗ್ಲಾ?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನಮ್ಮ ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಎರಡೇ ಉತ್ತರ. ಒಂದು, "ಬೇಡವೇ ಬೇಡ". ಇನ್ನೊಂದು, "ಸರಿ ಹೋಗು, ಸ್ವೆಟರ್ ತೆಗೆದುಕೋ". ಎರಡರಲ್ಲೂ ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಹೋಗಬಾರದು ಎಂದು ನಾನು ಹೇಳುವುದಿಲ್ಲ. ಭೂಮಿಯಲ್ಲಿ ಸಂಚರಿಸಿ ಕಣ್ತೆರೆದು ನೋಡಿ ಎಂದು ಪವಿತ್ರ ಕುರ್‌ಆನ್ ಹಲವು ಕಡೆ ಕರೆ ಕೊಡುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಗ್ಗಿದ ನಮ್ಮ ಮಕ್ಕಳು ಬೆಟ್ಟ ಹತ್ತುತ್ತಾರೆಂದರೆ ಸಂತೋಷವೇ. ಆದರೆ ಎತ್ತರದ ಬೆಟ್ಟಕ್ಕೆ ಹೊಸಬರು ಗುಂಪಿನಲ್ಲಿ ಹೋಗುವಾಗ ದೇಹದೊಳಗೆ ಏನಾಗುತ್ತದೆ, ಗುಂಪಿನೊಳಗೆ ಏನಾಗುತ್ತದೆ ಎಂಬುದನ್ನು ತಿಳಿದು ಕಳಿಸಬೇಕು. ಬೆಟ್ಟಕ್ಕಿಂತ ಹೆಚ್ಚಾಗಿ ನಮ್ಮ ಮರ್ಯಾದೆಯ ಲೆಕ್ಕಾಚಾರವೇ ಹೊಸಬರನ್ನು ಅಪಾಯಕ್ಕೆ ನೂಕುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವಿದೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ವಯಸ್ಸು ಇಪ್ಪತ್ತನಾಲ್ಕು. ವಾರಕ್ಕೆ ಮೂರು ದಿನ ಫುಟ್‌ಬಾಲ್ ಆಡುತ್ತಾನೆ, ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವನು. ಹದಿನಾಲ್ಕು ಜನರ ಗುಂಪಿನೊಂದಿಗೆ ಹಿಮಾಚಲ ಪ್ರದೇಶದ ಹಂಪ್ತಾ ಪಾಸ್‌ಗೆ ಹೋದ. ಮನಾಲಿಯಿಂದ ಹೊರಟು, ಕುಲ್ಲು ಕಣಿವೆಯ ಹಸಿರನ್ನು ದಾಟಿ ಲಾಹೌಲ್‌ನ ಒಣ ಬೆಟ್ಟಗಳಿಗೆ ಇಳಿಯುವ ದಾರಿ ಅದು. ಅತಿ ಎತ್ತರದ ಜಾಗ ಸುಮಾರು 4,270 ಮೀಟರ್. ಎರಡನೇ ದಿನದ ಕ್ಯಾಂಪು ಬಾಲೂ ಕಾ ಘೇರಾ ಎಂಬಲ್ಲಿ, ಸುಮಾರು 3,600 ಮೀಟರ್ ಎತ್ತರದಲ್ಲಿ. ಅಲ್ಲಿ ಅವನಿಗೆ ತಲೆನೋವು ಶುರುವಾಯಿತು. ಮಧ್ಯಾಹ್ನ ಊಟ ಸೇರಲಿಲ್ಲ, ರಾತ್ರಿಯೂ ಸೇರಲಿಲ್ಲ. ಟೆಂಟಿನ ಹಿಂದೆ ಹೋಗಿ ವಾಂತಿ ಮಾಡಿ ಬಂದು ಸುಮ್ಮನೆ ಮಲಗಿದ. ಯಾರಿಗೂ ಹೇಳಲಿಲ್ಲ.

ಅದನ್ನು ಕಂಡುಹಿಡಿದದ್ದು ಗುಂಪಿನ ಗೆಳೆಯರಲ್ಲ, ಅಡುಗೆಯ ಮುದುಕ. ತಟ್ಟೆಯಲ್ಲಿ ಎರಡನೇ ಬಾರಿಯೂ ರೊಟ್ಟಿ ಹಾಗೇ ಉಳಿದಿದ್ದನ್ನು ನೋಡಿ ಆತ ಗೈಡ್‌ಗೆ ತಿಳಿಸಿದ. ಗೈಡ್ ಬಂದು ವಿಚಾರಿಸಿ, ನೆಲದ ಮೇಲೆ ಒಂದು ಗೆರೆಯ ಮೇಲೆ ನಡೆಯಲು ಹೇಳಿ ಪರೀಕ್ಷಿಸಿ, ರಾತ್ರಿಯಿಡೀ ಪಕ್ಕದಲ್ಲೇ ಇದ್ದು, ಬೆಳಿಗ್ಗೆ ಒಬ್ಬ ಸಹಾಯಕನ ಜೊತೆ ಕೆಳಗೆ ಕಳಿಸಿದ. 3,100 ಮೀಟರ್‌ನ ಚಿಕಾ ಕ್ಯಾಂಪಿಗೆ ಬರುವಷ್ಟರಲ್ಲಿ ಹುಡುಗನಿಗೆ ಹಸಿವಾಯಿತು. ಅಲ್‌ಹಮ್ದುಲಿಲ್ಲಾಹ್, ಅಲ್ಲಿಗೆ ಮುಗಿಯಿತು.

ಆದರೆ ಮನೆಯಲ್ಲಿ ಮುಗಿಯಲಿಲ್ಲ. ಮುಂದಿನ ತಿಂಗಳು ಕುಟುಂಬದ ಒಂದು ಮದುವೆಯಲ್ಲಿ ಎಲ್ಲರೂ ಸೇರಿದಾಗ ಒಬ್ಬರು, "ಏನಪ್ಪಾ, ಅರ್ಧ ದಾರಿಯಿಂದ ಓಡಿ ಬಂದೆಯಂತೆ?" ಎಂದರು. ಇನ್ನೊಬ್ಬರು, "ಫುಟ್‌ಬಾಲ್ ಎಲ್ಲ ಇಷ್ಟೇನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಕಾರಿನಲ್ಲಿ ಬರುವಾಗ ಅವನು ಹೇಳಿದ ಮಾತು ಇದು: "ಮಾಮ, ಆವತ್ತು ಹೇಳದೆ ಇದ್ದದ್ದು ಇದಕ್ಕೇ. ಇನ್ನೊಂದು ಸಲ ಹೀಗಾದರೆ ಹೇಳ್ತೇನೋ ಇಲ್ವೋ ಗೊತ್ತಿಲ್ಲ." ಆಗ ನನ್ನ ನಗು ನನಗೇ ಅಸಹ್ಯವಾಯಿತು. ಈ ಲೇಖನಕ್ಕೆ ಆ ಮಾತೇ ಕಾರಣ.

ಮೊದಲು ದೇಹದ ವಿಷಯ ನೋಡೋಣ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕುದುರೆಮುಖ 1,900 ಮೀಟರ್ ಒಳಗೆ, ಕುಮಾರ ಪರ್ವತ 1,712 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ನಮ್ಮ ನಾಡಿನ ಎಲ್ಲಾ ಬೆಟ್ಟಗಳನ್ನು ಹತ್ತಿದವನಿಗೂ ಈ ಕಾಯಿಲೆಯ ಪರಿಚಯವಿರುವುದಿಲ್ಲ. ಜ್ವರ, ಅತಿಸಾರ, ಹಾವು ಕಡಿತದ ಬಗ್ಗೆ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಇದರ ಬಗ್ಗೆ ಗೊತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ, ಅದು ಎಲ್ಲೆಡೆ ಶೇಕಡಾ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಆದ್ದರಿಂದ ಹಂಪ್ತಾ ಪಾಸ್‌ನಷ್ಟು ಎತ್ತರದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ, ನಮ್ಮ ಕಡಲ ತೀರದಲ್ಲಿ ದಕ್ಕುವುದರ ಸುಮಾರು ಶೇಕಡಾ 60 ಮಾತ್ರ. ಅಲ್ಲಾಹನು ನಮ್ಮ ದೇಹಕ್ಕೆ ಇದಕ್ಕೆ ಹೊಂದಿಕೊಳ್ಳುವ ಶಕ್ತಿ ಕೊಟ್ಟಿದ್ದಾನೆ. ಉಸಿರಾಟ ಜೋರಾಗುತ್ತದೆ, ಮೂತ್ರ ಹೆಚ್ಚಾಗುತ್ತದೆ, ನಿಧಾನವಾಗಿ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ಆದರೆ ಇದಕ್ಕೆ ದಿನಗಳು ಬೇಕು. ಕಡಲ ತೀರದಿಂದ ಹೊರಟವನು ನಾಲ್ಕೈದು ದಿನಗಳಲ್ಲಿ 4,000 ಮೀಟರ್ ಮೇಲೆ ನಿಂತರೆ ದೇಹಕ್ಕೆ ಆ ಸಮಯವೇ ಸಿಗುವುದಿಲ್ಲ.

ಕಾಯಿಲೆಯ ಮೊದಲ ಹಂತ ಸೌಮ್ಯ. ಎತ್ತರಕ್ಕೆ ಬಂದ ಕೆಲವೇ ಗಂಟೆಗಳಲ್ಲಿ ತಲೆನೋವು, ಜೊತೆಗೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ಮೈ ಸೋಲುವುದು. ಎತ್ತರದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಈ ಹಂತದಲ್ಲಿ ಮೇಲೆ ಹೋಗದೆ ಅಲ್ಲೇ ಒಂದು ದಿನ ವಿಶ್ರಾಂತಿ ಪಡೆದರೆ ಹೆಚ್ಚಿನವರು ಸರಿಹೋಗುತ್ತಾರೆ. ಹೆಚ್ಚುತ್ತಾ ಹೋದರೆ ಕೆಳಗಿಳಿಯಬೇಕು.

ಇದನ್ನು ಮುಚ್ಚಿಟ್ಟು ಮೇಲೇರಿದರೆ ಎರಡು ಅಪಾಯಗಳಿವೆ. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನಂತರ ಕಫದಲ್ಲಿ ಕೆಂಪು ಬೆರೆತ ನೊರೆ. ಇನ್ನೊಂದು, ಮೆದುಳು ಊದಿಕೊಳ್ಳುವುದು. ಕುಡಿದವನಂತೆ ತೂರಾಡುವ ನಡಿಗೆ, ಅಸಂಬದ್ಧ ಮಾತು, ಮಂಪರು. ಆ ಗೈಡ್ ಹುಡುಗನನ್ನು ಗೆರೆಯ ಮೇಲೆ ನಡೆಸಿ ನೋಡಿದ್ದು ಇದಕ್ಕೇ. ಇವೆರಡೂ ಗಂಟೆಗಳೊಳಗೆ ಜೀವ ತೆಗೆಯಬಲ್ಲವು. ಆಮ್ಲಜನಕ, ಔಷಧಿಗಳು ಸಮಯ ಗಳಿಸಿಕೊಡುತ್ತವೆ. ಆದರೆ ನಿಜವಾದ ಚಿಕಿತ್ಸೆ ಕೆಳಗಿಳಿಯುವುದೇ, ರಾತ್ರಿಯಾಗಿದ್ದರೂ ಕಾಯದೆ ಇಳಿಯುವುದು.

ಇಲ್ಲಿ ಹೊಸಬರು ಮತ್ತು ಮನೆಯವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಒಂದು ಮಾತಿದೆ. ದೈಹಿಕ ಶಕ್ತಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಓಟಗಾರನಿಗೂ ಬರಬಹುದು, ಪಕ್ಕದಲ್ಲಿ ನಡೆಯುವ ಐವತ್ತರ ಹೊಟ್ಟೆಯವನಿಗೆ ಬರದೇ ಇರಬಹುದು. ಗಟ್ಟಿಮುಟ್ಟಾದ ಯುವಕರೇ ಕೆಲವೊಮ್ಮೆ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆ, ಏಕೆಂದರೆ ಅವರು ಬೇಗ ಬೇಗ ಹತ್ತುತ್ತಾರೆ, ನೋವನ್ನು ನುಂಗುತ್ತಾರೆ. ಆದ್ದರಿಂದ ಕೆಳಗಿಳಿದು ಬಂದವನನ್ನು "ಕೈಲಾಗಲಿಲ್ಲ" ಎಂದು ಹೀಯಾಳಿಸುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು.

ಇನ್ನು ಗುಂಪಿನ ವಿಷಯ. ಒಬ್ಬಂಟಿಯಾಗಿದ್ದರೆ ತಲೆನೋವು ಬಂದವನು ಕೂತುಬಿಡುತ್ತಿದ್ದ. ಗುಂಪಿನಲ್ಲಿ ಹಾಗಲ್ಲ. ಹದಿನೈದು ಸಾವಿರವೋ ಇಪ್ಪತ್ತು ಸಾವಿರವೋ ಮೊದಲೇ ಕಟ್ಟಿರುತ್ತಾರೆ. ರಜೆ ಲೆಕ್ಕ ಹಾಕಿ ತೆಗೆದುಕೊಂಡಿರುತ್ತಾರೆ. ವಾಪಸಿನ ರೈಲು ಟಿಕೆಟ್ ಆಗಿರುತ್ತದೆ. "ನನ್ನಿಂದಾಗಿ ಎಲ್ಲರಿಗೂ ತಡವಾಗುತ್ತದೆ" ಎಂಬ ಸಂಕೋಚ ಬಾಯಿ ಕಟ್ಟುತ್ತದೆ. ಮುಂದಿರುವವರು ವೇಗವಾಗಿ ಹೋಗಿ ಒಂದು ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವನು ಏದುಸಿರು ಬಿಡುತ್ತಾ ಅಲ್ಲಿಗೆ ತಲುಪುವ ಹೊತ್ತಿಗೆ "ಹೊರಡೋಣವಾ?" ಎಂದು ಎದ್ದು ನಿಲ್ಲುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವನಿಗೆ ಮಾತ್ರ ವಿಶ್ರಾಂತಿ ಇಲ್ಲ.

ಈ ಬಗ್ಗೆ ನಮ್ಮ ದೀನ್‌ನಲ್ಲಿ ಸ್ಪಷ್ಟ ಮಾರ್ಗದರ್ಶನವಿದೆ. ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ನಾಯಕನನ್ನಾಗಿ ಮಾಡಿಕೊಳ್ಳಲು ಪ್ರವಾದಿ(ಸ) ಕಲಿಸಿದ್ದಾರೆ. ನಮಾಝ್‌ಗೆ ಇಮಾಮತ್ ನೀಡುವವನು ತನ್ನ ಹಿಂದೆ ದುರ್ಬಲರು, ರೋಗಿಗಳು, ವೃದ್ಧರು ಇದ್ದಾರೆಂದು ನೆನಪಿಟ್ಟು ನಮಾಝನ್ನು ಹಗುರಗೊಳಿಸಬೇಕೆಂದೂ, ಅತ್ಯಂತ ದುರ್ಬಲನನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದೂ ಹದೀಸ್‌ಗಳಲ್ಲಿದೆ. ಅಲ್ಲಾಹನ ಮುಂದೆ ನಿಲ್ಲುವ ನಮಾಝ್‌ನಲ್ಲೇ ದುರ್ಬಲನ ಲೆಕ್ಕದಲ್ಲಿ ಸಾಗಬೇಕಾದರೆ, ಬೆಟ್ಟದ ದಾರಿಯಲ್ಲಿ ಬೇಡವೇ? ಗುಂಪಿನಲ್ಲಿ ಅತ್ಯಂತ ನಿಧಾನ ನಡೆಯುವವನು ಮುಂದಿನಿಂದ ಎರಡನೆಯವನಾಗಿರಲಿ, ಗೈಡ್‌ನ ಹಿಂದೆಯೇ. ಬಲಶಾಲಿ ಕೊನೆಗಿರಲಿ. ಪರ್ವತಾರೋಹಣದ ಪಾಠವೂ ಇದೇ.

ಇನ್ನೊಂದು ಘಟನೆ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ನಮ್ಮ ಪ್ರತಿಯೊಂದು ಪ್ರವಾಸದ ಗುಂಪಿಗೂ ಅದನ್ನು ಹೇಳಬೇಕು. ಸಹಾಬಿಗಳ ಒಂದು ತಂಡ ಪ್ರಯಾಣದಲ್ಲಿತ್ತು. ಒಬ್ಬರಿಗೆ ಕಲ್ಲು ತಾಗಿ ತಲೆಗೆ ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂತು. ತಯಮ್ಮುಮ್ ಮಾಡಲು ನನಗೆ ಅವಕಾಶವಿದೆಯೇ ಎಂದು ಸಂಗಾತಿಗಳನ್ನು ಕೇಳಿದರು. ನೀರು ಬಳಸಲು ಸಾಧ್ಯವಿರುವಾಗ ಅವಕಾಶವಿಲ್ಲ ಎಂದರು ಅವರು. ಆತ ಸ್ನಾನ ಮಾಡಿದರು, ಮರಣ ಹೊಂದಿದರು. ವಿಷಯ ತಿಳಿದಾಗ ಪ್ರವಾದಿ(ಸ) ತೀವ್ರವಾಗಿ ಕೋಪಗೊಂಡರು. ಆ ಸಾವಿಗೆ ಸಂಗಾತಿಗಳನ್ನೇ ಹೊಣೆಯಾಗಿಸಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂಬ ಅರ್ಥದಲ್ಲಿ ತಿಳಿಹೇಳಿದರು. ಯೋಚಿಸಿ ನೋಡಿ. ಒಂದು ಪ್ರಯಾಣ, ಒಬ್ಬ ಅಸ್ವಸ್ಥ, "ಪರವಾಗಿಲ್ಲ, ನಿನ್ನಿಂದ ಆಗುತ್ತೆ" ಎನ್ನುವ ಗೆಳೆಯರು. ಒಂದು ಮಾತ್ರೆ ಕೊಟ್ಟು "ನಡೀ ನಡೀ, ಇನ್ನು ಸ್ವಲ್ಪ ದೂರ" ಎಂದು ಹುರಿದುಂಬಿಸುವ ಇಂದಿನ ಗೆಳೆಯರಿಗೂ ಅವರಿಗೂ ಏನು ವ್ಯತ್ಯಾಸ?

"ಎಲ್ಲವೂ ಅಲ್ಲಾಹನ ಕೈಯಲ್ಲಿದೆ, ಹೆದರಿಕೆ ಏಕೆ?" ಎಂದು ಕೆಲವರು ಕೇಳಬಹುದು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿ ಭರವಸೆ ಇಡುವುದು ಎಂದು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ನಮ್ಮ ಕೈಯಾರೆ ನಮ್ಮನ್ನು ವಿನಾಶಕ್ಕೆ ನೂಕಿಕೊಳ್ಳುವುದನ್ನು ಕುರ್‌ಆನ್ (2:195) ನಿಷೇಧಿಸಿದೆ. ದೇಹ ಅಲ್ಲಾಹನ ಅಮಾನತ್ತು. ಫೋಟೋ ಒಂದಕ್ಕಾಗಿ ಅದನ್ನು ಪಣಕ್ಕಿಡುವ ಅಧಿಕಾರ ನಮಗಿಲ್ಲ.

ಎತ್ತರದ ಕಾಯಿಲೆಯೊಂದೇ ಅಪಾಯವಲ್ಲ. 2024ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಉತ್ತರಾಖಂಡದ ಸಹಸ್ರತಾಲ್ ಕೆರೆಯ ದಾರಿಯಲ್ಲಿ, 4,000 ಮೀಟರಿಗೂ ಮೇಲೆ, 22 ಮಂದಿಯ ಚಾರಣ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಅಸುನೀಗಿದರು. ತಂಡದ ಹೆಚ್ಚಿನವರು ನಮ್ಮ ಕರ್ನಾಟಕದವರೇ. ಉಳಿದ 13 ಮಂದಿಯನ್ನು ರಕ್ಷಣಾ ಪಡೆಗಳು ಕೆಳಗೆ ತಂದವು. ಅವರಲ್ಲಿ ಹಲವರು ಬೆಟ್ಟಕ್ಕೆ ಹೊಸಬರಾಗಿರಲಿಲ್ಲ. ಯಾರ ತಪ್ಪು ಎಂದು ನಿರ್ಣಯಿಸುವುದು ನನ್ನ ಉದ್ದೇಶವಲ್ಲ. ನಮ್ಮಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಅಲ್ಲಿ ಹಿಮ ಸುರಿಯಬಹುದು, ಬೆಳಿಗ್ಗೆಯ ಬಿಸಿಲು ಮಧ್ಯಾಹ್ನದವರೆಗೂ ಇರಬೇಕೆಂದಿಲ್ಲ. ಅನುಭವಿಗಳಿಗೇ ಹೀಗಾಗುವುದಾದರೆ ಹೊಸಬರು ಎಷ್ಟು ಎಚ್ಚರದಲ್ಲಿರಬೇಕು! ಜಾಹೀರಾತಿನಲ್ಲಿ "ಆರಂಭಿಕರಿಗೆ ಸೂಕ್ತ" ಎಂದು ಬರೆದಿದ್ದರೆ ಅದರ ಅರ್ಥ ದಾರಿ ಕಡಿದಾಗಿಲ್ಲ ಎಂದಷ್ಟೇ. ಹವಾಮಾನಕ್ಕೆ ಆ ಬರಹ ಓದಲು ಬರುವುದಿಲ್ಲ.

ಹಾಗಾದರೆ ಅನುಮತಿ ಕೊಡುವ ಮುನ್ನ ಮನೆಯವರು ಏನು ಕೇಳಬೇಕು? ಸಂಘಟಕರಿಗೆ ನೀವೇ ಫೋನ್ ಮಾಡಿ ಕೇಳಿ. ಮಲಗುವ ಜಾಗದ ಎತ್ತರ ದಿನಕ್ಕೆ ಎಷ್ಟು ಏರುತ್ತದೆ? 3,000 ಮೀಟರ್ ದಾಟಿದ ಮೇಲೆ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ವಿಶ್ರಾಂತಿಯ ದಿನ ಇರಬೇಕು. ಹವಾಮಾನ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇಟ್ಟಿದ್ದಾರೆಯೇ? ಗೈಡ್‌ಗೆ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ, ಆಮ್ಲಜನಕದ ಸಿಲಿಂಡರ್ ಒಯ್ಯುತ್ತಾರೆಯೇ? ಒಬ್ಬರಿಗೆ ಅಸ್ವಸ್ಥತೆಯಾದರೆ ಅವರ ಜೊತೆ ಯಾರು ಇಳಿಯುತ್ತಾರೆ, ಉಳಿದವರ ಜೊತೆ ಯಾರು ಇರುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಅಂತಹವರ ಜೊತೆ ಕಳಿಸಬೇಡಿ.

ಹೊರಡುವ ಮುನ್ನ ವೈದ್ಯರನ್ನು ಕಾಣುವುದು ಅಗತ್ಯ. ರಕ್ತದೊತ್ತಡ, ಮಧುಮೇಹ, ಉಬ್ಬಸ, ಹೃದಯದ ತೊಂದರೆ, ರಕ್ತಹೀನತೆ ಇರುವವರು ಕೇಳದೆ ಹೋಗಬಾರದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ, ಒಂದು ಸರಳ ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ವೈದ್ಯರು ಮುಂಜಾಗ್ರತೆಯಾಗಿ ಕೊಡುವುದುಂಟು. ಆದರೆ ಸಲ್ಫಾ ಅಲರ್ಜಿ ಇರುವವರಿಗೆ ಅದು ತೊಂದರೆ ಕೊಡಬಹುದು. ಗೆಳೆಯ ಕೊಟ್ಟ ಎಂದು ನುಂಗಬೇಡಿ. ನಿದ್ರೆ ಬರುತ್ತಿಲ್ಲವೆಂದು ನಿದ್ರೆ ಮಾತ್ರೆಯನ್ನಂತೂ ತೆಗೆದುಕೊಳ್ಳಲೇಬಾರದು, ಅದು ಉಸಿರಾಟವನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಬೀಡಿ ಸಿಗರೇಟು ಸೇದುವವರು ಬಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಎರಡು ಮೂರು ತಿಂಗಳು ಮೊದಲೇ ದಿನಾ ನಡೆಯಬೇಕು, ಮೆಟ್ಟಿಲು ಹತ್ತಬೇಕು. ಇದರಿಂದ ಎತ್ತರದ ಕಾಯಿಲೆ ತಪ್ಪದು ನಿಜ. ಆದರೆ ದಣಿವು ಕಡಿಮೆಯಾಗುತ್ತದೆ, ದಣಿಯದ ತಲೆ ಸರಿಯಾದ ತೀರ್ಮಾನ ಮಾಡುತ್ತದೆ. ಹೊಸ ಶೂಗಳನ್ನು ಹೊರಡುವ ದಿನವೇ ಹಾಕಬೇಡಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗದಿರಲಿ, ಅದು ಬೆವರು ಹೀರಿ ಒದ್ದೆಯಾಗಿಯೇ ಇದ್ದು ಮೈಯನ್ನು ತಣ್ಣಗಾಗಿಸುತ್ತದೆ.

ಶುಚಿತ್ವದ ವಿಷಯದಲ್ಲಿ ನಮ್ಮವರಿಗೆ ವಿಶೇಷ ಗೊಂದಲಗಳಿವೆ. ಹಿಮ ಕರಗಿದ ನೀರಿನಲ್ಲಿ ವುಝೂ ಮಾಡಿ ಬೆರಳು ಮರಗಟ್ಟಿದವರನ್ನು ಕೇಳಿದ್ದೇನೆ. ನೀರನ್ನು ಬಿಸಿ ಮಾಡಿಸಿಕೊಳ್ಳಲು ಸಾಧ್ಯವಿದ್ದರೆ ಅಡುಗೆಯವನಲ್ಲಿ ಕೇಳಲು ನಾಚಿಕೆ ಬೇಡ. ಸಾಧ್ಯವಿಲ್ಲದೆ, ದೇಹಕ್ಕೆ ಹಾನಿಯಾಗುವ ಭಯವಿದ್ದರೆ ತಯಮ್ಮುಮ್ ಇದೆ. ಚಳಿಯ ರಾತ್ರಿಯಲ್ಲಿ ಅಮ್ರ್ ಇಬ್ನುಲ್ ಆಸ್(ರ) ಸ್ನಾನದ ಬದಲು ತಯಮ್ಮುಮ್ ಮಾಡಿ ನಮಾಝ್‌ಗೆ ನೇತೃತ್ವ ಕೊಟ್ಟದ್ದು ತಿಳಿದಾಗ ಪ್ರವಾದಿ(ಸ) ನಕ್ಕರು, ಆಕ್ಷೇಪಿಸಲಿಲ್ಲ. ಪ್ರಯಾಣಿಕನಿಗೆ ನಮಾಝ್ ಕಸ್ರ್ ಮಾಡುವ ರಿಯಾಯಿತಿ ಇದೆ, ಪಾದರಕ್ಷೆಯ ಮೇಲೆ ಮೂರು ದಿನ ಮಸ್‌ಹ್ ಮಾಡುವ ಅನುಮತಿ ಇದೆ. ಇದರ ನಿಬಂಧನೆಗಳನ್ನು ಹೊರಡುವ ಮುನ್ನವೇ ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿಕೊಳ್ಳಿ. ಟೆಂಟಿನಲ್ಲಿ ಕೂತು ಗೂಗಲ್ ಹುಡುಕಲು ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ತೊರೆಯ ನೀರು ಕನ್ನಡಿಯಂತಿದ್ದರೂ ಹಾಗೇ ಕುಡಿಯಬೇಡಿ. ಮೇಲೆ ಕುರಿಮಂದೆ, ಕುದುರೆಗಳಿರುತ್ತವೆ, ಇನ್ನೊಂದು ತಂಡದ ಕ್ಯಾಂಪೂ ಇರಬಹುದು. ಎತ್ತರದಲ್ಲಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಆದ್ದರಿಂದ ಕುದಿ ಬಂದ ಮೇಲೆ ಮೂರು ನಿಮಿಷ ಕುದಿಸಬೇಕು. ನೀರಿನ ಮೂಲ, ನಡೆಯುವ ದಾರಿ ಮತ್ತು ಜನ ನೆರಳಿಗೆ ಕೂರುವ ಜಾಗದಲ್ಲಿ ಮಲಮೂತ್ರ ಮಾಡುವುದು ಶಾಪಕ್ಕೆ ಗುರಿಯಾಗುವ ಕೆಲಸವೆಂದು ಹದೀಸ್ ಎಚ್ಚರಿಸುತ್ತದೆ. ನೀರಿನಿಂದ ಕನಿಷ್ಠ 200 ಅಡಿ ದೂರ ಹೋಗಿ, ಗುಂಡಿ ತೋಡಿ, ಮುಚ್ಚಿ ಬನ್ನಿ. ವೆಟ್ ವೈಪ್ಸ್, ಪ್ಯಾಡ್‌ಗಳನ್ನು ಹೂಳಬಾರದು. ಚಳಿಯಲ್ಲಿ ಅವು ಕರಗುವುದಿಲ್ಲ. ಒಂದು ಚೀಲದಲ್ಲಿ ಕಟ್ಟಿ ಹಿಂದೆ ತರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಮರೆಯಾದ ಜಾಗ ಸಿಗದು ಎಂಬ ಮುಜುಗರದಿಂದ ಹಲವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಇದು ಅಪಾಯಕಾರಿ. ನಿರ್ಜಲೀಕರಣದ ತಲೆನೋವೂ ಎತ್ತರದ ತಲೆನೋವೂ ಒಂದೇ ತರ ಕಾಣುತ್ತವೆ, ಗೈಡ್‌ಗೂ ಗೊತ್ತಾಗುವುದಿಲ್ಲ. ತಂಡದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚ ಟೆಂಟ್ ಇದೆಯೇ ಎಂದು ಮನೆಯವರು ಮೊದಲೇ ಕೇಳಿ ಖಚಿತಪಡಿಸಿಕೊಳ್ಳುವುದು ಅವಳ ಆರೋಗ್ಯಕ್ಕಾಗಿ ಮಾಡುವ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ, ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಕಳಿಸುವಾಗ ಮಗನಿಗೆ ಬಾಯಿಬಿಟ್ಟು ಹೇಳಿ: "ಆಗದಿದ್ದರೆ ಅರ್ಧದಿಂದ ಬಾ. ಹಣ ಹೋದರೆ ಹೋಗಲಿ. ಯಾರೂ ನಗುವುದಿಲ್ಲ, ನಾವು ನಗಲು ಬಿಡುವುದಿಲ್ಲ." ಈ ಮಾತು ಅವನ ಬೆನ್ನುಚೀಲದಲ್ಲಿರುವ ಎಲ್ಲಾ ಔಷಧಿಗಳಿಗಿಂತ ದೊಡ್ಡದು. ತಲೆನೋವು ಬಂದ ರಾತ್ರಿ ಪಕ್ಕದ ಟೆಂಟಿನವರಿಗೆ ಹೇಳಲು ಅವನಿಗೆ ಧೈರ್ಯ ಕೊಡುವುದು ಇದೇ. ಎಲ್ಲರ ಪಕ್ಕದಲ್ಲೂ ತಟ್ಟೆ ನೋಡುವ ಒಬ್ಬ ಅಡುಗೆಯ ಮುದುಕ ಇರುತ್ತಾನೆಂದು ಹೇಳಲಾಗದು.

ಅಕ್ಕನ ಮಗ ಮತ್ತೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಈ ಬಾರಿ ಮನಾಲಿಯಲ್ಲಿ ಎರಡು ದಿನ ಉಳಿದು, ನಡುವೆ ಒಂದು ದಿನ ವಿಶ್ರಾಂತಿ ಇಡುವ ತಂಡವನ್ನು ಹುಡುಕಿದ್ದಾನೆ. ಅಕ್ಕ ಒಪ್ಪಿದ್ದಾಳೆ. ಇನ್‌ಶಾ ಅಲ್ಲಾಹ್, ಅವನು ಬಂದ ದಿನ ನಾನು ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನು ಈಗಲೇ ತೀರ್ಮಾನಿಸಿದ್ದೇನೆ. "ತುದಿ ಮುಟ್ಟಿದೆಯಾ?" ಎಂದಲ್ಲ. "ಊಟ ಸೇರುತ್ತಿತ್ತಾ? ತಲೆನೋವು ಬಂತಾ? ಬಂದಾಗ ಹೇಳಿದೆಯಾ?" ಎಂದು.

ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ, ನೀವೂ ಇದನ್ನೇ ಕೇಳಿ.